ಮದ್ದು ಮತ್ತು ಮದ್ಯ: ವೀರರಾಜಪೇಟೆಯ ಮದ್ದುಸೊಪ್ಪು, ಯೂರೋಪಿನ ಹಾಪ್ ಬಳ್ಳಿ

ಮದ್ದು, ಮದ್ಯ ಎಂಬ ಎರಡು ಶಬ್ದಗಳು ಕಿವಿಗೆ ಒಡಹುಟ್ಟಿದವುಗಳಂತೆ ಕೇಳಿಸುವುವು. ಆದರೆ ಇವುಗಳ ಕುಲ ಬೇರೆ ಬೇರೆ. ಮದ್ಯವು ಸಂಸ್ಕೃತದ ‘ಮದ್’ ಧಾತುವಿನಿಂದ ಹುಟ್ಟಿದುದು. ಸೊಕ್ಕನ್ನುಂಟುಮಾಡುವುದೆಂಬುದೇ ಅದರ ಅರ್ಥ. ಮದ್ದು ಅಚ್ಚಕನ್ನಡದ ಮಾತು. ಹಳಗನ್ನಡದಲ್ಲಿ ಅದು ‘ಮರ್ದು’ ಎಂದಿದ್ದಿತು. ತಮಿಳಿನ ‘ಮರುಂದು’ ಇದರ ಸೋದರಶಬ್ದ. ಅರ್ಥದಲ್ಲಿ ಈ ಮದ್ದಿನಷ್ಟು ಚಪಲವಾದ ಶಬ್ದ ಕನ್ನಡದಲ್ಲಿ ವಿರಳವೆಂದೇ ಹೇಳಬೇಕು. ವೈದ್ಯನು ಮದ್ದು ಕೊಟ್ಟನೆಂದರೆ ರೋಗಿ ಬದುಕುವನೆಂಬ ಆಸೆ. ದಾಯಾದಿಯು ಮದ್ದು ಹಾಕಿದನೆಂದರೆ ಸಾಯುವನೆಂಬ ಭಯ. ಕೋಟೆಯ ಮದ್ದಿನ ಮನೆಯಲ್ಲಿ ಕೂಡಿಟ್ಟಿದ್ದುದು ಇವೆರಡೂ ಅಲ್ಲ, ತೋಪಿಗೆ ತುಂಬುವ ಪುಡಿ. ಹಿತವೋ ಅಹಿತವೋ ಎಂಬುದನ್ನು ನಾಮಪದವು ಹೇಳುವುದಿಲ್ಲ. ಅದರ ಹಿಂದೆ ಬರುವ ಕ್ರಿಯಾಪದವು ಹೇಳುವುದು. ಒಳಗೆ ಹೋದರೆ ಏನನ್ನೋ ಮಾಡಬಲ್ಲ ಶಕ್ತಿಯುಳ್ಳ ವಸ್ತು ಎಂಬಿಷ್ಟೇ ಮದ್ದಿನ ಮೂಲಾರ್ಥವೆಂದು ತೋರುತ್ತದೆ.

ಈ ಶಬ್ದವನ್ನು ಒಂದು ಗಿಡಕ್ಕೆ ಹೆಸರಾಗಿಯೇ ಇಟ್ಟುಕೊಂಡಿರುವ ನಾಡು ಕೊಡಗು. ದೊಡ್ಡ ವೀರರಾಜೇಂದ್ರನು 1792ರಲ್ಲಿ ಕಟ್ಟಿಸಿದ ವೀರರಾಜಪೇಟೆಯ ಸುತ್ತಣ ಕಾಡಿನಂಚಿನಲ್ಲಿಯೂ ಕಾಫಿ ತೋಟಗಳ ನೆರಳಿನಲ್ಲಿಯೂ ತಾನಾಗಿ ಬೆಳೆಯುವ ಈ ಕಿರುಗಿಡವನ್ನು ಕೊಡವ ಭಾಷೆಯಲ್ಲಿ ‘ಮದ್ದ್ ತೊಪ್ಪು’ ಎಂದೂ ಕನ್ನಡದಲ್ಲಿ ಮದ್ದುಸೊಪ್ಪು ಎಂದೂ ಕರೆಯುವರು. ಸಸ್ಯಶಾಸ್ತ್ರಜ್ಞರು ಇದಕ್ಕೆ ವೈನಾಡಿನ ಹೆಸರನ್ನು ಸೇರಿಸಿ ಜಸ್ಟಿಸಿಯ ವೈನಾಡೆನ್ಸಿಸ್ ಎಂದಿದ್ದಾರೆ. ಆಡುಸೋಗೆಯ ಕುಟುಂಬಕ್ಕೆ ಸೇರಿದ ಗಿಡವಿದು. ಸೌರಮಾನದ ಕರ್ಕಾಟಕ ಮಾಸಕ್ಕೆ ಕೊಡಗಿನಲ್ಲಿ ಕಕ್ಕಡವೆಂದು ಹೆಸರು. ಆ ತಿಂಗಳ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ ತಿಂಗಳ 3ನೆಯ ತಾರೀಖಿನ ಸುಮಾರಿಗೆ, ಈ ಸೊಪ್ಪನ್ನು ದಂಟುಸಮೇತ ತಂದು ನೀರಿನಲ್ಲಿ ಕುದಿಸುವರು. ಹಸುರು ಎಲೆಯಿಂದ ನೇರಿಳೆಯ ಬಣ್ಣದ ರಸವು ಇಳಿಯುವುದು. ಎಲೆಯನ್ನು ಸೋಸಿ ತೆಗೆದು, ಆ ರಸದಲ್ಲಿ ಅಕ್ಕಿಯನ್ನು ಬೇಯಿಸಿ, ಬೆಲ್ಲ, ತೆಂಗಿನ ಕಾಯಿಗಳನ್ನು ಕೂಡಿಸಿ ಪಾಯಸವನ್ನೋ ಪುಟ್ಟನ್ನೋ ಮಾಡಿ, ತುಪ್ಪದೊಡನೆ ಇಲ್ಲವೆ ಜೇನಿನೊಡನೆ ಉಣ್ಣುವರು. ಗದ್ದೆಯ ನಾಟಿಯ ಕಾಲ. ಮಳೆ ಬಿಡುವಿಲ್ಲದೆ ಹೊಡೆಯುವ ಕಾಲ. ಮದುವೆ ಮುಂಜಿಗಳಿಲ್ಲದ ತಿಂಗಳು. ದಿನವೆಲ್ಲ ಕೆಸರಿನಲ್ಲಿ ನಿಂತು ಮನೆಗೆ ಬಂದವರಿಗೆ ಬಿಸಿ ಪಾಯಸವು ಹಿತವಾಗುವುದೆಂಬುದಕ್ಕೆ ಶಾಸ್ತ್ರದ ಪ್ರಮಾಣವೇನೂ ಬೇಕಿಲ್ಲ.

ಆದರೆ ಜನವು ಇಷ್ಟಕ್ಕೇ ನಿಲ್ಲದೆ ಮೂರು ಮಾತುಗಳನ್ನು ಹೇಳುವರು. ಮೊದಲನೆಯದು, ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿದೆಯೆಂಬುದು. ಎರಡನೆಯದು, ಆ ಹದಿನೆಂಟೂ ಕೂಡುವುದು ಕಕ್ಕಡದ ಹದಿನೆಂಟನೆಯ ದಿನದಲ್ಲಿಯೇ, ಸೊಪ್ಪಿನ ಗಂಧವೂ ಬಣ್ಣವೂ ಅಂದೇ ತುಂಬಿ ಬರುವುವು ಎಂಬುದು. ಮೂರನೆಯದು, ಉಂಡ ಮಾರನೆಯ ದಿನ ಮೂತ್ರವು ಕೆಂಪಗಾಗುವುದು, ಅದು ಮದ್ದು ಮೈಗೆ ಹತ್ತಿದುದರ ಗುರುತು ಎಂಬುದು. ಈಚಿನ ವರ್ಷಗಳಲ್ಲಿ ಪತ್ರಿಕೆಗಳು ಪ್ರತಿವರ್ಷವೂ ಆಗಸ್ಟ್ ತಿಂಗಳಲ್ಲಿ ಈ ಮೂರು ಮಾತುಗಳನ್ನು ಮುದ್ರಿಸುವುದು ವಾಡಿಕೆಯಾಗಿದೆ. ಜೊತೆಗೆ, ವಿಜ್ಞಾನವು ಇದನ್ನು ಸಿದ್ಧಪಡಿಸಿದೆ ಎಂಬ ನಾಲ್ಕನೆಯ ಮಾತೂ ಸೇರುವುದುಂಟು. ಇಲ್ಲಿ ವಿಚಾರಿಸತಕ್ಕುದು ಈ ಮಾತುಗಳ ಜಾತಿಯನ್ನು. ಇವು ಯಾವ ಬಗೆಯ ವಾಕ್ಯಗಳು? ಕಾವ್ಯದ ವಾಕ್ಯಗಳೋ ವೈದ್ಯದ ವಾಕ್ಯಗಳೋ? ಒಂದನ್ನು ಇನ್ನೊಂದಾಗಿ ಓದಿದರೆ ಆಗುವ ನಷ್ಟವೇನು?

ಹದಿನೆಂಟನ್ನು ಮೊದಲು ತೆಗೆದುಕೊಳ್ಳಬಹುದು. ಭಾರತದ ಪರ್ವಗಳು ಹದಿನೆಂಟು, ಯುದ್ಧ ನಡೆದ ದಿನಗಳು ಹದಿನೆಂಟು, ಕೂಡಿದ ಅಕ್ಷೋಹಿಣಿಗಳು ಹದಿನೆಂಟು, ಗೀತೆಯ ಅಧ್ಯಾಯಗಳು ಹದಿನೆಂಟು, ಪುರಾಣಗಳು ಹದಿನೆಂಟು. ಮಹಾಕಾವ್ಯಕ್ಕೆ ದಂಡಿಯು ಹೇಳಿದ, ಕನ್ನಡ ಕವಿಗಳು ತಲೆಯ ಮೇಲೆ ಹೊತ್ತ ವರ್ಣನೆಗಳೂ ಹದಿನೆಂಟೇ. ಈ ಎಲ್ಲ ಕಡೆಗಳಲ್ಲಿಯೂ ಹದಿನೆಂಟು ಎಂಬುದು ‘ಇನ್ನೇನೂ ಉಳಿದಿಲ್ಲ’ ಎಂಬ ಪೂರ್ಣತೆಯ ಸಂಕೇತ. ಮದ್ದುಸೊಪ್ಪಿನ ಹದಿನೆಂಟು ಈ ಗುಂಪಿಗೆ ಸೇರಿದುದು. ಹದಿನೆಂಟನೆಯ ದಿನಕ್ಕೆ ಹದಿನೆಂಟು ಮದ್ದು ಎಂಬಲ್ಲಿ ತಿಥಿಯು ಸಂಖ್ಯೆಯನ್ನು ಎಳೆದು ತಂದಿದೆ. ಪ್ರಾಸವು ಎರಡನೆಯ ಅಕ್ಷರವನ್ನು ಎಳೆದು ತರುವಂತೆ. ಆ ಹದಿನೆಂಟು ಯಾವುವೆಂದು ಕೇಳಿದರೆ ಪಟ್ಟಿಯನ್ನು ಹೇಳುವವರಿಲ್ಲ; ಹೇಳಬೇಕಾದ ಅಗತ್ಯವೂ ಇಲ್ಲ. ಅಕ್ಷರಾರ್ಥವನ್ನೇ ಹಿಡಿದರೆ ಈ ಮಾತು ಗಿಡಕ್ಕೆ ಅನ್ಯಾಯವನ್ನೇ ಮಾಡುವುದು: ಯಾವ ಎಲೆಯನ್ನು ರಸಾಯನಶಾಸ್ತ್ರಜ್ಞನು ಬಿಡಿಸಿ ನೋಡಿದರೂ ಅವನಿಗೆ ಸಿಕ್ಕುವ ದ್ರವ್ಯಗಳು ನೂರಾರು. ಹದಿನೆಂಟೇ ಎಂದರೆ ಅದು ಬಡ ಎಲೆ.

ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಆ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪನು ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು ವಿಸ್ತರಿಸಿದ್ದಾನೆ. ಕಳ್ಳಿನ ಜಾತಿಗಳನ್ನೂ ಕುಡಿದವರ ಮಾತಿನ ತೊದಲನ್ನೂ ಅವನಷ್ಟು ಸರಸವಾಗಿ ಚಿತ್ರಿಸಿದವರು ಕಡಮೆ. ಆದರೆ ಆ ವರ್ಣನೆಯಲ್ಲಿ ಕಾಣುವುದು ಕುಡಿತದ ವಿನೋದ. ಆರೋಗ್ಯಕ್ಕೆ ಹಿತವೆಂಬ ನೆಪ ಅದಕ್ಕೆ ಬೇಕಾಗಿಲ್ಲ. ಕೊಡಗಿನ ಆಚಾರದಲ್ಲಿಯೂ ಹೀಗೆಯೇ. ಮನೆತನದ ಕಾರಣರಿಗೆ ಎಡೆಯಿಡುವಾಗ ಮದ್ಯವನ್ನೂ ಇಡುವುದುಂಟು. ಅದು ಹಿರಿಯರಿಗೆ ಸಲ್ಲುವ ಮರ್ಯಾದೆ. ಅದನ್ನು ಯಾರೂ ಮದ್ದು ಎಂದಿಲ್ಲ. ಮದ್ಯಕ್ಕೆ ಮದ್ದಿನ ವೇಷವನ್ನು ಹಾಕುವುದು ಅಂಗಡಿಯ ಮಾತಿನಿಂದ ಈಚೆಗೆ ಬಂದುದು. ಇಂದು ಕೊಡಗಿನ ಪೇಟೆಗಳಲ್ಲಿ ಶುಂಠಿಯ, ವೀಳೆಯದೆಲೆಯ, ಗಾಂಧಾರಿ ಮೆಣಸಿನ ವೈನ್‌ಗಳನ್ನು ಮಾರುವಾಗ ಜೀರ್ಣಕ್ಕೆ, ಶೀತಕ್ಕೆ ಒಳ್ಳೆಯದೆಂದು ಹೇಳುವುದು ಕೇಳಿಬರುವುದು. ಶುಂಠಿಯ ಗುಣವನ್ನು ಅದು ನೆನೆದ ದ್ರವದ ಗುಣವೆಂದು ಹೇಳಿದಾಗ ಆಗುವ ಪಲ್ಲಟವನ್ನು ಅಲಂಕಾರಶಾಸ್ತ್ರಜ್ಞರು ಲಕ್ಷಣೆಯೆನ್ನುವರು. ಕಾವ್ಯದಲ್ಲಿ ಅದು ಗುಣ. ವ್ಯಾಪಾರದಲ್ಲಿ ಅದನ್ನು ಎಚ್ಚರಿಕೆಯಿಂದ ನೋಡಬೇಕು.

ಇದೇ ಪಲ್ಲಟವು ಲೋಕದಲ್ಲೆಲ್ಲ ಅತ್ಯಂತ ವಿಸ್ತಾರವಾಗಿ ನಡೆದಿರುವುದು ಯವದ ಸುರೆಯ, ಎಂದರೆ ಬಿಯರಿನ, ವಿಷಯದಲ್ಲಿ. ಬಿಯರಿಗೆ ಕಹಿಯನ್ನೂ ಕಂಪನ್ನೂ ಕೊಡುವುದು ಹಾಪ್ ಎಂಬ ಬಳ್ಳಿಯ ಹೆಣ್ಣು ಹೂವಿನ ಗೊಂಚಲು. ಸಸ್ಯಶಾಸ್ತ್ರದಲ್ಲಿ ಇದು ಹ್ಯೂಮುಲಸ್ ಲೂಪುಲಸ್; ಭಂಗಿಯ ಗಿಡಕ್ಕೆ ಒಂದೇ ಕುಟುಂಬದ ನೆಂಟ. ಬೇಸಗೆಯಲ್ಲಿ ಬಹುದೀರ್ಘವಾದ ಹಗಲುಗಳು ಬೇಕಾದುದರಿಂದ ಇದು ಹನ್ನೆರಡು ಅಕ್ಷಾಂಶದ ಕೊಡಗಿನಲ್ಲಿ ಸಹಜವಾಗಿ ಒಗ್ಗುವ ಬೆಳೆಯಲ್ಲ. ಹಿಂದೂದೇಶದಲ್ಲಿ ಹಿಮಾಲಯದ ಲಾಹೂಲಿನಲ್ಲಿ ಬೆಳೆಯುವುದುಂಟು. ಬವೇರಿಯದಲ್ಲಿ 1516ರಲ್ಲಿ ಹೊರಟ ರಾಜಶಾಸನವು ಬಿಯರಿಗೆ ಯವ, ಹಾಪ್, ನೀರು ಈ ಮೂರನ್ನಲ್ಲದೆ ಬೇರೆಯದನ್ನು ಹಾಕಕೂಡದೆಂದು ವಿಧಿಸಿತು.

ಹಾಪ್ ಸೇರಿದುದರ ಮುಖ್ಯ ಕಾರಣವನ್ನು ತಿಳಿಯಲು ಕೊಡಗಿನ ಬೈನೆಯ ಕಳ್ಳನ್ನು ನೆನೆಯಬೇಕು. ಬೆಳಗ್ಗೆ ಇಳಿಸಿದ ಕಳ್ಳು ಸಂಜೆಗೆ ಹುಳಿಯುವುದು. ಇನ್ನೊಂದೆರಡು ದಿನಕ್ಕೆ ಅದು ಕಳ್ಳಲ್ಲ, ಕಾಡಿ. ಹುಳಿಯಿಸುವ ಏಕಾಣುಜೀವಿಗಳನ್ನು ತಡೆಯುವ ಶಕ್ತಿ ಅದರಲ್ಲಿಲ್ಲ. ಹಾಪ್ ಹೂವಿನ ಹಳದಿಯ ಧೂಳಿನಲ್ಲಿ ಹ್ಯೂಮುಲೋನ್ ಮೊದಲಾದ ಆಮ್ಲಗಳಿವೆ. ಯವದ ರಸದೊಡನೆ ಕುದಿಸಿದಾಗ ಅವು ರೂಪಾಂತರ ಹೊಂದಿ ಕಹಿಯಾಗುವುವು. ಆ ಕಹಿಯೇ ಗ್ರಾಮ್ ಪಾಸಿಟಿವ್ ಎಂಬ ವರ್ಗದ ಏಕಾಣುಜೀವಿಗಳಲ್ಲಿ ಬಹುಪಾಲನ್ನು ಬೆಳೆಯಗೊಡುವುದಿಲ್ಲ. ಆದುದರಿಂದಲೇ ಉಷ್ಣದೇಶಗಳಿಗೆ ಹಡಗಿನಲ್ಲಿ ಕಳುಹಿಸುವ ಬಿಯರಿಗೆ ಇಂಗ್ಲೆಂಡಿನವರು ಹಾಪನ್ನು ಹೆಚ್ಚಾಗಿ ಹಾಕುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲಿದ್ದ ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್ ತನ್ನ ಓಷಧಿಗ್ರಂಥದಲ್ಲಿ ಹಾಪಿನ ಕಹಿಯು ಪಾನೀಯಗಳನ್ನು ಕೆಡದಂತೆ ಕಾಯುವುದೆಂದೂ, ಆದರೆ ಸೇವಿಸಿದವನ ಮನಸ್ಸಿಗೆ ವಿಷಾದವನ್ನು ತರುವುದೆಂದೂ ಬರೆದಿದ್ದಾಳೆ. ಪಾನೀಯಕ್ಕೆ ಹಿತವಾದುದು ಪಾನಮಾಡುವವನಿಗೂ ಹಿತವಾಗಬೇಕಾಗಿಲ್ಲವೆಂಬ ಭೇದವನ್ನು ಆಕೆ ಕಂಡಿದ್ದಳು. ಇಂದಿನ ಎಷ್ಟೋ ಲೇಖನಗಳಲ್ಲಿ ಆ ಭೇದ ಕಾಣುವುದಿಲ್ಲ.

ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರವು ಹಾಪಿನಲ್ಲಿ ಇನ್ನೂ ಎರಡು ದ್ರವ್ಯಗಳನ್ನು ಪ್ರಸಿದ್ಧಿಗೆ ತಂದಿತು. ಒಂದು, 1913ರಲ್ಲಿ ಬೇರ್ಪಡಿಸಲ್ಪಟ್ಟ ಕ್ಸಾಂಥೋಹ್ಯೂಮೋಲ್ ಎಂಬ ಹಳದಿಯ ವಸ್ತು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಅರ್ಬುದದ ಜೀವಕೋಶಗಳ ಬೆಳವಣಿಗೆಯನ್ನು ಇದು ತಗ್ಗಿಸುವುದೆಂದು ಅನೇಕ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಇನ್ನೊಂದು, ಸ್ತ್ರೀಯರ ದೇಹದಲ್ಲಿಯ ಈಸ್ಟ್ರೊಜೆನ್ ಎಂಬ ಸ್ರಾವದಂತೆ ವರ್ತಿಸುವ 8-ಪ್ರೆನೈಲ್‌ನರಿಂಜೆನಿನ್. ಹಾಪ್ ಕೊಯ್ಯುವ ಹೆಂಗಸರ ಋತುಚಕ್ರವು ಏರುಪೇರಾಗುವುದೆಂಬ ಹಳೆಯ ಜನಶ್ರುತಿಯೊಂದು ಯೂರೋಪಿನಲ್ಲಿದ್ದಿತು. ಅದಕ್ಕೆ ಕಾರಣವಾಗಿರಬಹುದಾದ ಈ ದ್ರವ್ಯವನ್ನು ವಿದ್ವಾಂಸರು 1999ರಲ್ಲಿ ಗುರುತಿಸಿ ಪ್ರಕಟಿಸಿದರು. ಜನಶ್ರುತಿಯೊಂದಕ್ಕೆ ರಸಾಯನದ ಆಧಾರವು ದೊರೆತ ಸಂದರ್ಭವಿದು. ಆದುದರಿಂದ ಜನರ ಮಾತೆಲ್ಲ ಹುರುಳಿಲ್ಲದ್ದೆಂದು ತಳ್ಳಿಬಿಡುವುದೂ ಸಲ್ಲದು. ಆದರೆ ಇಲ್ಲಿ ಜನರು ಹೇಳಿದುದು ಹೂವನ್ನು ದಿನವೆಲ್ಲ ಕೈಯಲ್ಲಿ ಹಿಸುಕುವವರ ವಿಷಯವನ್ನು. ಬಟ್ಟಲಿನಿಂದ ಕುಡಿಯುವವರ ವಿಷಯವನ್ನಲ್ಲ.

ಬಟ್ಟಲಿನ ಲೆಕ್ಕವೇ ಬೇರೆ. ಕುದಿಸುವಾಗ ಕ್ಸಾಂಥೋಹ್ಯೂಮೋಲಿನ ಬಹುಭಾಗವು ಬೇರೆಯ ರೂಪಕ್ಕೆ ತಿರುಗಿಬಿಡುವುದು. ಸಾಮಾನ್ಯವಾದ ಬಿಯರಿನಲ್ಲಿ ಅದು ಉಳಿಯುವುದು ಲೀಟರಿಗೆ 1 ಮಿಲಿಗ್ರಾಮಿಗಿಂತಲೂ ಕಡಮೆ. ಆರೋಗ್ಯವಂತರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಈ ದ್ರವ್ಯವನ್ನು ದಿನಕ್ಕೆ 24 ಮಿಲಿಗ್ರಾಮಿನಂತೆ ಎಂಟು ವಾರ ಕೊಟ್ಟಿದ್ದರು. ಅದೂ ಕೇವಲ ಸಹಿಸುವುದೋ ಇಲ್ಲವೋ ಎಂಬುದನ್ನು ನೋಡುವುದಕ್ಕೆ. ಅಷ್ಟನ್ನು ಬಿಯರಿನಿಂದಲೇ ಪಡೆಯಬೇಕಾದರೆ ದಿನಕ್ಕೆ 24 ಲೀಟರಿಗೂ ಮೇಲ್ಪಟ್ಟು ಕುಡಿಯಬೇಕು. ನೂರಕ್ಕೆ ಐದರ ಬಿಯರಿನ ಒಂದು ಲೀಟರಿನಲ್ಲಿ ಸುಮಾರು 40 ಗ್ರಾಮ್ ಮದ್ಯಸಾರವಿರುವುದರಿಂದ, ಆ ಮದ್ದಿನೊಡನೆ ಒಳಗೆ ಹೋಗುವ ಮದ್ಯಸಾರವು 900 ಗ್ರಾಮಿಗೂ ಮೀರುವುದು. ಅಷ್ಟನ್ನು ಕುಡಿದವನು ಮದ್ದಿನ ಫಲವನ್ನು ನೋಡಲು ಉಳಿಯುವುದಿಲ್ಲ. ಇತ್ತ, ಮದ್ಯಪಾನವು ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ನಿರ್ಣಯಿಸಿತು. ಇಂತಿಷ್ಟು ಕುಡಿದರೆ ಅಪಾಯವಿಲ್ಲವೆಂದು ಹೇಳಬಹುದಾದ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಪ್ರಕಟಿಸಿತು. ಅರ್ಬುದವನ್ನು ತಡೆಯಬಹುದೆಂಬ ಆಸೆಯ ಕಣವೊಂದು, ಅರ್ಬುದವನ್ನು ತರುವುದೆಂದು ಸಿದ್ಧವಾದ ದ್ರವದಲ್ಲಿ ತೇಲುತ್ತಿದೆ. ಕಣವನ್ನು ಮಾತ್ರ ಹೆಸರಿಸಿ ದ್ರವವನ್ನು ಹೊಗಳುವ ವಾಕ್ಯದ ದೋಷವನ್ನು ಹಿಡಿಯಲು ವೈದ್ಯನೇ ಬೇಕಾಗಿಲ್ಲ. ಕರ್ತೃ ಯಾವುದು, ಅಧಿಕರಣ ಯಾವುದು ಎಂದು ವಿಚಾರಿಸಬಲ್ಲ ವ್ಯಾಕರಣದ ಉಪಾಧ್ಯಾಯನು ಸಾಕು.

ಮದ್ಯದಲ್ಲಿ ಮದ್ದಿದ್ದರೆ, ಮದ್ಯವನ್ನು ಬಿಟ್ಟು ಮದ್ದನ್ನು ಕೊಡಬಹುದೇ ಎಂಬ ಪ್ರಶ್ನೆಯು ಕನ್ನಡ ವಾಙ್ಮಯಕ್ಕೆ ಹೊಸದಲ್ಲವೆಂಬುದನ್ನು ಇಲ್ಲಿ ಸ್ಮರಿಸಬೇಕು. ಚರಕಾದಿಗಳ ಸಂಪ್ರದಾಯದಲ್ಲಿ ಮದ್ಯಕ್ಕೆ ಸ್ಥಾನವಿದೆ. ಚರಕನು ಎಂಬತ್ತನಾಲ್ಕು ಆಸವಗಳನ್ನು ಎಣಿಸಿದ್ದಾನೆ, ಅತಿಪಾನದಿಂದ ಬರುವ ಮದಾತ್ಯಯಕ್ಕೆ ಪ್ರತ್ಯೇಕವಾದ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಜೈನರ ವೈದ್ಯವು ಬೇರೊಂದು ದಾರಿಯನ್ನು ಹಿಡಿಯಿತು. ಅಮೋಘವರ್ಷನ ಕಾಲದ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕವೂ, ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ನಾಟಕ ಕಲ್ಯಾಣಕಾರಕವೂ ಮದ್ಯ, ಮಾಂಸಗಳನ್ನು ವರ್ಜಿಸಿಯೇ ಚಿಕಿತ್ಸೆಯನ್ನು ಹೇಳುವುವು. ಸೋಮನಾಥನದು ಕನ್ನಡದಲ್ಲಿ ದೊರೆತಿರುವ ವೈದ್ಯಗ್ರಂಥಗಳಲ್ಲಿ ಬಹು ಹಳೆಯದು. ಓಷಧಿಯ ಸಾರವನ್ನು ಹೊರತರಲು ಕಷಾಯ, ಚೂರ್ಣ, ಘೃತ, ತೈಲಗಳಿರುವಾಗ ಆಸವವೇ ಏಕೆಂಬುದು ಆ ಸಂಪ್ರದಾಯದ ನಿಲುವೆಂದು ತಿಳಿಯಬಹುದು. ಅದರ ಪ್ರೇರಣೆ ಅಹಿಂಸೆಯೇ ಹೊರತು ರಸಾಯನವಲ್ಲ. ಮದ್ಯದಲ್ಲಿ ಲೆಕ್ಕವಿಲ್ಲದ ಸೂಕ್ಷ್ಮಜೀವಗಳು ಹುಟ್ಟಿ ಸಾಯುವುವೆಂದು ಜೈನ ಆಚಾರಗ್ರಂಥಗಳು ಹೇಳುವುವು. ಹುದುಗು ಜೀವಿಗಳಿಂದಲೇ ಆಗುವುದೆಂದು ಪಾಸ್ತರನು ತೋರಿಸಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಈ ಹೋಲಿಕೆಯನ್ನು ಕಂಡು ನಮ್ಮ ಪೂರ್ವಿಕರು ಪಾಸ್ತರನಿಗಿಂತ ಮೊದಲೇ ಎಲ್ಲವನ್ನೂ ಕಂಡಿದ್ದರೆಂದು ಹಿಗ್ಗುವವರೂ ಇರುವರು. ಅದು ಮದ್ದುಸೊಪ್ಪಿನ ಹದಿನೆಂಟನ್ನು ಎಣಿಸಲು ಹೊರಟಷ್ಟೇ ದೊಡ್ಡ ಪ್ರಮಾದ. ಆಚಾರದ ಮಾತನ್ನು ಪ್ರಯೋಗಶಾಲೆಯ ಮಾತಾಗಿ ಓದಿದರೆ ಎರಡೂ ಕೆಡುವುವು.

ಕನ್ನಡದ ಶಾಸ್ತ್ರಕವಿಗಳಿಂದ ಕಲಿಯಬೇಕಾದುದು ಬೇರೆ ಇದೆ. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯದ ಗ್ರಂಥ. ಸ್ಥಾವರ ವಿಷ, ಜಂಗಮ ವಿಷ ಎಂಬ ಎರಡನ್ನೂ ವಿಂಗಡಿಸಿ, ಲಕ್ಷಣವನ್ನೂ ಪರಿಹಾರವನ್ನೂ ಪದ್ಯದಲ್ಲಿ ಹೇಳುವ ಈ ಕವಿಗೆ ಕಾವ್ಯದ ಅಲಂಕಾರಗಳು ಗೊತ್ತಿಲ್ಲದೆ ಇಲ್ಲ. ಆದರೂ ಮದ್ದಿನ ಪದ್ಯ ಬಂದಾಗ ಆತನ ಭಾಷೆ ಬೇರೆಯಾಗುವುದು. ಯಾವ ಬೇರು, ಯಾವುದರೊಡನೆ ಅರೆಯುವುದು, ಯಾವುದಕ್ಕೆ ಕೊಡುವುದು ಎಂಬ ವಿವರಗಳು ಅಲ್ಲಿ ಮುಖ್ಯ. ಮಾತ್ರೆ, ಕಾಲ, ಅನುಪಾನ, ಪಥ್ಯ ಈ ನಾಲ್ಕು ಕಟ್ಟುಗಳಿಲ್ಲದ ಮದ್ದನ್ನು ನಮ್ಮ ವೈದ್ಯವಾಙ್ಮಯವು ಮದ್ದೆಂದು ಒಪ್ಪುವುದಿಲ್ಲ. ಅದರ ಔಷಧಗಳೆಲ್ಲ ಫಲಕಾರಿಯೆಂದು ಇದರಿಂದ ಸಿದ್ಧವಾಗದು, ಹಲವು ಆಗಿರಲಾರವು. ಇಲ್ಲಿ ಮೆಚ್ಚತಕ್ಕುದು ವಾಕ್ಯದ ಶಿಸ್ತನ್ನು. ಈ ಶಿಸ್ತಿನ ಎದುರು ನಿಲ್ಲಿಸಿದರೆ ‘ಹದಿನೆಂಟು ಮದ್ದುಗಳ ಸೊಪ್ಪು’ ಎಂಬ ಇಂದಿನ ಪತ್ರಿಕಾವಾಕ್ಯವೂ, ‘ಹಾಪಿನ ಸತ್ವಗಳಿಂದ ಬಿಯರು ಹಿತಕರ’ ಎಂಬ ವಾಕ್ಯವೂ ಒಂದೇ ದೋಷಕ್ಕೆ ಸಿಕ್ಕುವುವು. ಎಷ್ಟು, ಯಾವಾಗ, ಯಾರಿಗೆ, ಯಾವುದಕ್ಕೆ ಎಂಬುದು ಎರಡರಲ್ಲಿಯೂ ಇಲ್ಲ.

ಕೊಡಗಿನ ಆಚಾರದಲ್ಲಿ ಮಾತ್ರ ಒಂದು ಕಟ್ಟು ಇದ್ದೇ ಇದೆಯೆಂಬುದನ್ನು ಮರೆಯಬಾರದು: ವರ್ಷಕ್ಕೊಂದು ಸಲ, ಹಬ್ಬದ ಒಂದು ಪಾಯಸದಲ್ಲಿ, ಅನ್ನದೊಡನೆ. ಇದೇ ರಸವನ್ನು ಗಟ್ಟಿಮಾಡಿ ಸೀಸೆಯಲ್ಲಿ ತುಂಬಿ ದಿನಕ್ಕೆರಡು ಚಮಚದಂತೆ ವರ್ಷವೆಲ್ಲ ಕುಡಿಯುವುದಾದರೆ ಆಚಾರವು ಹೇಳಿದುದು ಅದನ್ನಲ್ಲ. ಹಿರಿಯರ ಅನುಭವವು ಅದಕ್ಕೆ ಸಾಕ್ಷಿಯಾಗಲಾರದು. ಸೊಪ್ಪಿನ ಮೇಲೆ ಪ್ರಯೋಗಶಾಲೆಗಳಲ್ಲಿ ಕೆಲಸವು ನಡೆದಿರುವುದು ನಿಜ. ಅದರಲ್ಲಿ ಫೀನಾಲಿಕ ವರ್ಗದ ದ್ರವ್ಯಗಳೂ ಫ್ಲಾವನಾಯ್ಡುಗಳೂ ಇವೆಯೆಂದೂ, ಅದರ ಸಾರವು ಪ್ರನಾಳದಲ್ಲಿ ಉತ್ಕರ್ಷಣವನ್ನು ತಡೆಯುವುದೆಂದೂ ವರದಿಗಳಾಗಿವೆ. ಆದರೆ ಪ್ರನಾಳದಲ್ಲಿ ಉತ್ಕರ್ಷಣವನ್ನು ತಡೆಯದ ಹಸುರೆಲೆ ಯಾವುದಿದೆ? ಕಾಫಿ, ಚಹ, ನೆಲ್ಲಿ, ಕೊತ್ತಂಬರಿ ಎಲ್ಲವೂ ತಡೆಯುವುವು. ಮನುಷ್ಯರ ರೋಗವೊಂದನ್ನು ಅದು ಗುಣಪಡಿಸುವುದೆಂಬ ಮಾತಿಗೂ ಈ ಮಾತಿಗೂ ನಡುವೆ ದೂರವು ಬಹಳ. ‘ವಿಜ್ಞಾನವು ಸಿದ್ಧಪಡಿಸಿದೆ’ ಎಂಬ ವಾಕ್ಯವು ಆ ದೂರವನ್ನು ಒಂದೇ ನೆಗೆತಕ್ಕೆ ದಾಟಿಬಿಡುವುದು.

ಮೂತ್ರವು ಕೆಂಪಾಗುವುದೆಂಬ ಮೂರನೆಯ ಮಾತು ಈ ಮೂರರಲ್ಲಿ ಹೆಚ್ಚು ಬೆಲೆಯುಳ್ಳುದು. ಏಕೆಂದರೆ ಅದು ಕಂಡುದನ್ನು ಹೇಳುವುದು. ಬಣ್ಣದ ದ್ರವ್ಯವು ಕರುಳಿನಿಂದ ರಕ್ತಕ್ಕೆ ಸೇರಿ, ಮೂತ್ರಪಿಂಡದ ಮೂಲಕ ಹೊರಗೆ ಬಂದಿತೆಂಬುದಕ್ಕೆ ಅದು ಒಳ್ಳೆಯ ಪ್ರಮಾಣ. ಅದು ಮದ್ದೆಂಬುದಕ್ಕೆ ಮಾತ್ರ ಪ್ರಮಾಣವಲ್ಲ. ಬೀಟ್‌ರೂಟನ್ನು ತಿಂದ ಕೆಲವರಿಗೂ ಹೀಗೆಯೇ ಆಗುವುದು. ಒಳಗೆ ಹೋಗಿ ಹೊರಗೆ ಬಂದುದಕ್ಕೆ ಗುರುತಿದೆ. ನಡುವೆ ಏನು ಮಾಡಿತೆಂಬುದಕ್ಕೆ ಇಲ್ಲ. ಎರಡನೆಯ ಮಾತನ್ನು ಅರ್ಧ ಒಪ್ಪಬಹುದು. ಗಿಡಗಳಲ್ಲಿಯ ಇಂಥ ದ್ರವ್ಯಗಳು ಋತುವಿಗೆ ತಕ್ಕಂತೆ ಏರಿ ಇಳಿಯುವುದು ಸಿದ್ಧವಾದ ವಿಷಯ. ಹಾಪ್ ಬೆಳೆಗಾರನು ಬೇಸಗೆಯ ಕೊನೆಯಲ್ಲಿ ಹೂವಿನ ಹದವನ್ನು ನೋಡಿಯೇ ಕೊಯ್ಯುವನು. ಮದ್ದುಸೊಪ್ಪು ಕಕ್ಕಡದ ಮಳೆಯಲ್ಲಿ ಹದಕ್ಕೆ ಬರುವುದು ಅಸಂಭವವಲ್ಲ. ಹದಿನೇಳಕ್ಕೂ ಹದಿನೆಂಟಕ್ಕೂ ವ್ಯತ್ಯಾಸವಿದೆಯೆಂಬುದು ಪಂಚಾಂಗದ ಮಾತು, ಗಿಡದ ಮಾತಲ್ಲ. ತಿಂಗಳಿನ ಮಹತ್ವವನ್ನು ನೆರೆಯ ನಾಡುಗಳೂ ಬಲಪಡಿಸುವುವು. ತುಳುನಾಡಿನಲ್ಲಿ ಇದೇ ಸಮಯದ ಆಟಿ ಅಮಾವಾಸ್ಯೆಯಂದು ಹಾಲೆಯ ಮರದ ತೊಗಟೆಯ ಕಹಿ ರಸವನ್ನು ಬೆಳಕು ಹರಿಯುವ ಮೊದಲೇ ಕುಡಿಯುವರು. ಮಲೆಯಾಳದಲ್ಲಿ ಕರ್ಕಾಟಕದ ಮದ್ದಿನ ಗಂಜಿಯುಂಟು. ಗಿಡ ಬೇರೆ, ರುಚಿ ಬೇರೆ, ತಿಂಗಳೊಂದೇ. ಮಳೆಯ ನಡುವೆ ಹಗೇವು ಬರಿದಾಗಿ ಮೈ ಸೋತ ಕಾಲಕ್ಕೆ ಮನೆಯವರೆಲ್ಲ ಕೂಡಿ ಒಂದು ವಿಶೇಷವನ್ನು ಉಣ್ಣುವುದು ಈ ಮೂರು ನಾಡುಗಳ ಸಮಾನಧರ್ಮ.

ಕಾವ್ಯದ ವಾಕ್ಯವನ್ನೂ ಅಡುಗೆಯ ಅನುಭವವನ್ನೂ ಔಷಧದ ವಾಕ್ಯವಾಗಿ ಓದಿದರೆ ಏನಾಗುವುದೆಂಬುದಕ್ಕೆ ಕೊಡಗಿನದೇ ಆದ ಇನ್ನೊಂದು ಸಸ್ಯದ ಕಥೆಯುಂಟು. ಪಂದಿಕರಿಗೆ ಹುಳಿಯನ್ನೂ ಕಪ್ಪನ್ನೂ ಕೊಡುವ ಕಾಚಂಪುಳಿಯು ಗಾರ್ಸೀನಿಯ ಗಮ್ಮಿಗಟ್ಟ ಎಂಬ ಮರದ ಹಣ್ಣಿನ ರಸ. ಮಳೆಗಾಲದಲ್ಲಿ ಹಣ್ಣನ್ನು ಕೂಡಿಹಾಕಿ, ಇಳಿದ ರಸವನ್ನು ಕರಿದಾಗುವವರೆಗೆ ಕಾಯಿಸಿ ಇಡುವರು. ಈ ಹಣ್ಣಿನ ಮುಖ್ಯ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಮೈಸೂರಿನ ಆಹಾರ ಸಂಶೋಧನಾಲಯದ ಲೂಯಿಸ್, ನೀಲಕಂಠನ್ ಇವರು 1965ರಲ್ಲಿ ಪ್ರಕಟಿಸಿದರು. ದೇಹದಲ್ಲಿ ಕೊಬ್ಬು ತಯಾರಾಗುವ ಕ್ರಮದಲ್ಲಿ ಬೇಕಾದ ಒಂದು ಕಿಣ್ವವನ್ನು ಇದು ತಡೆಯುವುದೆಂದು 1969ರಲ್ಲಿ ಕಂಡುಬಂದಿತು. ಆ ಬಳಿಕ ಅಮೆರಿಕದ ಅಂಗಡಿಗಳಲ್ಲಿ ಇದು ಬೊಜ್ಜು ಕರಗಿಸುವ ಗುಳಿಗೆಯಾಯಿತು. 1998ರಲ್ಲಿ 135 ಮಂದಿಯನ್ನು ಸೇರಿಸಿಕೊಂಡು, ದಿನಕ್ಕೆ 1500 ಮಿಲಿಗ್ರಾಮಿನಂತೆ ಹನ್ನೆರಡು ವಾರ ನಡೆಸಿದ ಪರೀಕ್ಷೆಯಲ್ಲಿ ಹುಸಿಗುಳಿಗೆಯನ್ನು ತಿಂದವರಿಗಿಂತ ಇದನ್ನು ತಿಂದವರ ತೂಕವು ಹೆಚ್ಚು ಇಳಿಯಲಿಲ್ಲ. ಗುಳಿಗೆಯನ್ನು ಸೇವಿಸಿದ ಕೆಲವರಿಗೆ ಯಕೃತ್ತು ಕೆಟ್ಟ ವರದಿಗಳೂ ವೈದ್ಯಪತ್ರಿಕೆಗಳಲ್ಲಿ ಬಂದಿವೆ. ವೀರರಾಜಪೇಟೆಯ ಅಡುಗೆಮನೆಯಲ್ಲಿ ಕಾಚಂಪುಳಿಯು ಬೊಜ್ಜಿಗೆ ಮದ್ದೆಂದು ಯಾರೂ ಹೇಳಿರಲಿಲ್ಲ. ಅಲ್ಲಿ ಅದರ ಕೆಲಸ ಹುಳಿ, ಮಾಂಸವು ಬೇಗ ಕೆಡದಂತೆ ನೋಡಿಕೊಳ್ಳುವುದು. ಹೊಸ ಮಾತು ಗುಳಿಗೆಯೊಡನೆ ಹುಟ್ಟಿ, ಗುಳಿಗೆಯೊಡನೆಯೇ ತಿರುಗಿ ಬಂದಿತು.

ಆ ಅಡುಗೆಮನೆಯ ತಿಳಿವಳಿಕೆಯಲ್ಲಿ ನಿಜವಾಗಿ ಗಟ್ಟಿಯಾದ ಭಾಗವೊಂದಿದೆ. ಅದನ್ನು ಹೊಗಳುವವರೇ ಇಲ್ಲವೆಂಬುದು ಸೋಜಿಗ. ಕಕ್ಕಡದ ಊಟದಲ್ಲಿ ಬಿದಿರಿನ ಕಣಿಲೆಯ ಪಲ್ಯವೂ ಕೆಸವೂ ಇರುವುವು. ಹಸಿಯ ಕಣಿಲೆಯಲ್ಲಿ ಸಯನೈಡನ್ನು ಬಿಡುವ ಟ್ಯಾಕ್ಸಿಫಿಲಿನ್ ಎಂಬ ವಿಷದ್ರವ್ಯವಿದೆ. ಅದನ್ನು ಸಣ್ಣಗೆ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ನೀರನ್ನು ಚೆಲ್ಲಿ ಬೇಯಿಸಿದರೆ ವಿಷವು ಹೋಗುವುದು. ಮನೆಗಳಲ್ಲಿ ಮಾಡುವುದು ಹಾಗೆಯೇ. ಕೆಸವಿನಲ್ಲಿ ಗಂಟಲನ್ನು ಕೆರೆಯುವ ಸುಣ್ಣದ ಆಕ್ಸಲೇಟಿನ ಸೂಜಿಗಳಿವೆ. ಅದಕ್ಕೆ ಹುಳಿ ಬೀಳುವುದು. ಸಯನೈಡಿನ ಹೆಸರನ್ನು ಕೇಳದ ಅಜ್ಜಿಯರು ಅದನ್ನು ತೆಗೆಯುವ ಬಗೆಯನ್ನು ತಪ್ಪದೆ ಕಲಿತು ಕಲಿಸಿದ್ದಾರೆ. ಇದು ಏಕೆ ಇಷ್ಟು ನಿಖರವಾಗಿದೆಯೆಂದರೆ, ಇಲ್ಲಿ ತಪ್ಪಿದವರಿಗೆ ಅಂದೇ ತಿಳಿಯುವುದು. ಮದ್ದುಸೊಪ್ಪು ಮುಂದಿನ ವರ್ಷದ ರೋಗವನ್ನು ತಡೆಯಿತೇ ಇಲ್ಲವೇ ಎಂಬುದು ಯಾವ ಒಂದು ಮನೆಗೂ ತಿಳಿಯುವಂತಿಲ್ಲ. ವಿಷವನ್ನು ಕಳೆಯುವ ಜನಪದಜ್ಞಾನಕ್ಕೂ ಗುಣವನ್ನು ಆರೋಪಿಸುವ ಜನಪದವಚನಕ್ಕೂ ಪ್ರಮಾಣದ ಬಲವು ಒಂದೇ ಅಲ್ಲ. ಜಾನಪದವನ್ನು ಸಂಗ್ರಹಿಸುವವರು ಇವೆರಡನ್ನೂ ‘ನಾಟಿವೈದ್ಯ’ ಎಂಬ ಒಂದೇ ತಲೆಬರಹದ ಕೆಳಗೆ ಸೇರಿಸುವುದು ಸರಿಯಲ್ಲ.

ಕೊಡವ ಹಾಡುಗಳನ್ನೂ ಪದ್ಧತಿಗಳನ್ನೂ ಕೂಡಿಸಿ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪಟ್ಟೋಲೆ ಪಳಮೆಯನ್ನು ಕನ್ನಡ ಲಿಪಿಯಲ್ಲಿ ಪ್ರಕಟಿಸಿದ ಮೇಲೆ, ಕೊಡಗಿನ ಮಾತುಗಳನ್ನು ಅವುಗಳ ಸಂದರ್ಭದೊಡನೆ ಓದುವ ಅನುಕೂಲವು ಕನ್ನಡಿಗರಿಗೆ ದೊರೆತಿದೆ. ಕಕ್ಕಡದ ಮಾತುಗಳಿಗೂ ಅಂಥ ಸಂಗ್ರಹವು ಬೇಕು. ಸೊಪ್ಪನ್ನು ಯಾರು ತರುವರು, ಯಾವ ಬಣ್ಣ ಬಂದಾಗ ಎಲೆಯನ್ನು ತೆಗೆಯುವರು, ಯಾರಿಗೆ ಬಡಿಸುವುದಿಲ್ಲ ಎಂಬವುಗಳೆಲ್ಲ ಬಡಿಸುವವರ ಮಾತಿನಲ್ಲಿಯೇ ಬರಬೇಕು. ಒಂದು ಉದಾಹರಣೆ: ಇದೇ ಗಿಡವನ್ನು ಇದೇ ದಿನ ತಂದು ಇದೇ ಪಾಯಸವನ್ನು ಮಾಡುವ ಅರೆಭಾಷೆಯ ಗೌಡರು ಆ ದಿನವನ್ನು ಆಟಿ ಹದಿನೆಂಟು ಎಂದೂ ಗಿಡವನ್ನು ‘ಆಟಿ ಸೊಪ್ಪು’ ಎಂದೂ ಕರೆಯುವರು. ಒಂದು ಭಾಷೆಯು ಗಿಡವನ್ನು ಗುಣದಿಂದ ಹೆಸರಿಸಿದೆ, ಇನ್ನೊಂದು ತಿಂಗಳಿನಿಂದ. ಈ ಎರಡು ಹೆಸರುಗಳಲ್ಲಿ ಯಾವುದು ಮೊದಲಿನದು, ಯಾವುದು ಎರವಲಿನದು, ಕೊಡವ ಭಾಷೆಯ ‘ಮದ್ದ್’ ಎಂಬುದರಲ್ಲಿ ಕನ್ನಡದ ಮದ್ದಿನ ವಿಷಾರ್ಥವೂ ಉಳಿದಿದೆಯೇ ಎಂಬುದನ್ನು ಎರಡು ಭಾಷೆಗಳನ್ನೂ ಬಲ್ಲವರು ಮನೆಮನೆಗೆ ಹೋಗಿ ವಿಚಾರಿಸತಕ್ಕುದಾಗಿದೆ.